ಅಜ್ಜಿಯ ಸೋಬಾನೆ ಕಾಣದ ಬ್ಯಾಕಪ್ ತಂತ್ರಾಂಶದವರಿಗೆ

ಇಂದ: ಧನುಶ್ರೀ, ಪ್ರಥಮ ವರ್ಷ, ಕಂಪ್ಯೂಟರ್ ಶಾಖೆ; ಕಾರ್ಖಾನೆಯ ಕ್ವಾರ್ಟರ್ಸ್, ನಾಗಪುರ

ಗೆ: ಶ್ರೀಮಾನ್ ಅಭಯ ಬ್ಯಾಕಪ್ ಪ್ರೊಫೆಷನಲ್, ಮೂರನೆಯ ಆವೃತ್ತಿ, ನಮ್ಮ ಕಂಪ್ಯೂಟರ್ ಪರದೆಯ ಬಲಗಡೆಯ ಕೆಳಮೂಲೆ

ವಿಷಯ: ಎದುರಿಗೇ ತಿರುಗುತ್ತಿದ್ದ ಹಳೆಯ ಹಾರ್ಡ್ ಡಿಸ್ಕನ್ನು ತಾವು ಇಲ್ಲವೆಂದು ಹೇಳಿದ ಬಗ್ಗೆ

ಮಾನ್ಯರೇ,

ಗಡಿಯಾರದ ಮಗ್ಗುಲಿಗೆ ಹಸಿರು ಅಂಗೈಯೊಂದನ್ನು ಅಭಯಹಸ್ತದ ಹಾಗೆ ಎತ್ತಿಕೊಂಡು ಸದಾ ಆಸೀನರಾಗಿರುವ ತಮಗೆ, ನಾಗಪುರದ ಮೇ ತಿಂಗಳಲ್ಲೂ ಬೆವರದ ತಮ್ಮ ಆ ಅಂಗೈಗೆ, ಹಾಗೂ ಅಂಗೈ ಇದ್ದಮೇಲೆ ಎಲ್ಲೋ ಒಂದು ಕಡೆ ಇರಲೇಬೇಕಾದ ತಮ್ಮ ಪಾದಗಳಿಗೆ, ನಮ್ಮ ಮನೆಯವರೆಲ್ಲರ ಪರವಾಗಿ ನಮಸ್ಕಾರಗಳು. 'ಎಲ್ಲವೂ ಸುರಕ್ಷಿತವಾಗಿದೆ' ಎಂದು ತಾವೇ ಆಗಾಗ ಪರದೆಯ ಮೇಲೆ ಇಣುಕಿ ತಿಳಿಸುತ್ತಿರುವುದರಿಂದ, ತಮ್ಮ ಕ್ಷೇಮ ಸಮಾಚಾರ ಕೇಳುವ ಸಂದರ್ಭವನ್ನು ತಾವು ನಮಗೆ ಉಳಿಸಿಲ್ಲ. ನಮ್ಮ ಕ್ಷೇಮದ ಬಗ್ಗೆ ಹೇಳಬೇಕೆಂದರೆ ಸ್ವಲ್ಪ ಉದ್ದವಾಗುತ್ತದೆ. ತಾವು ನೀಲಿ ಪಟ್ಟಿಯನ್ನು ಎಡದಿಂದ ಬಲಕ್ಕೆ ತುಂಬುತ್ತ ನಮ್ಮನ್ನು ಎಷ್ಟೋ ಮಧ್ಯಾಹ್ನ ಕಾಯಿಸಿದ್ದೀರಿ, ಈಗ ತಾವೂ ಸ್ವಲ್ಪ ಕಾಯಬೇಕಾಗಿ ವಿನಂತಿ.

ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ನಾನು ಸಣ್ಣವಳಿರುವಾಗಿನಿಂದ ಹಾಸ್ಟೆಲ್ಲಿನಲ್ಲಿದ್ದು ಇಂಗ್ಲಿಷಿನಲ್ಲಿ ಓದಿದವಳು. ನನ್ನ ಕನ್ನಡವೆಲ್ಲ ರಜೆಯಲ್ಲಿ ಕಲಿತ ಕನ್ನಡ, ಅದರಲ್ಲಿ ತಪ್ಪಿಲ್ಲದೆ ಬರೆಯಲು ಬರುವುದು ಅಪ್ಪ ಹೇಳಿಕೊಟ್ಟ ರಜಾ ಅರ್ಜಿಯೊಂದೇ. ಆದ್ದರಿಂದ ಈ ಪತ್ರದಲ್ಲಿ ಅಲ್ಲಲ್ಲಿ ನಾನು ತಮ್ಮ ಹತ್ತಿರ ರಜೆ ಕೇಳುತ್ತಿರುವ ಹಾಗೆ ಕಂಡರೆ ಅದು ಅಭ್ಯಾಸಬಲ. ತಮ್ಮ ಕಂಪನಿಗೆ ನಾನು ಇಂಗ್ಲಿಷಿನಲ್ಲಿ ಕಳಿಸಿದ ಇ-ಮೇಲ್‌ಗಳಿಗೆಲ್ಲ 'ನಿಮ್ಮ ಸಮಸ್ಯೆ ನಮಗೆ ಬಹಳ ಮುಖ್ಯ' ಎಂಬ ಒಂದೇ ಉತ್ತರ, ನಾನು ಮೌಸಿನ ಮೇಲಿಂದ ಬೆರಳು ಎತ್ತುವುದರೊಳಗೆ ಬರುತ್ತಿತ್ತು. ಅಷ್ಟು ಬೇಗ ಓದುವವರು ಓದುತ್ತಿಲ್ಲ ಎಂದು ನನ್ನ ಅನುಮಾನ. ಹೇಗೂ ಇಂಗ್ಲಿಷ್ ಅರ್ಥವಾಗದವರಿಗೆ ಹಟ ಹಿಡಿದು ಇಂಗ್ಲಿಷಿನಲ್ಲೇ ಬರೆಯುವುದಕ್ಕಿಂತ, ಅರ್ಥವಾಗದಿದ್ದರೂ ನಮ್ಮ ಅಜ್ಜಿಯ ಭಾಷೆಯಲ್ಲಿ ಬರೆದರೆ ಬರೆದವರಿಗಾದರೂ ಸಮಾಧಾನ ಎನಿಸಿತು. ವ್ಯವಹಾರವೂ ಅಜ್ಜಿಯದೇ.

ನಮ್ಮ ಅಜ್ಜಿ ಲಕ್ಷ್ಮವ್ವ, ಗದಗಿನ ಕಡೆಯವಳು. ಅಪ್ಪ ರುದ್ರಪ್ಪನವರು ಇಲ್ಲಿಯ ಮದ್ದುಗುಂಡಿನ ಕಾರ್ಖಾನೆಗೆ ನೌಕರಿಗೆ ಬಂದಾಗ ಜೊತೆಗೆ ಬಂದು, ಇಡೀ ಕಾಲೊನಿಯಲ್ಲಿ ಮರಾಠಿ ಹಿಂದಿ ಎರಡನ್ನೂ ಕಲಿಯದೆ ಎಲ್ಲರ ಜೊತೆ ಜಗಳವಾಡಿ ಗೆದ್ದವಳು. ಹೋದ ವರ್ಷ ಗಂಟಲಿನ ಆಪರೇಷನ್ ಆದಮೇಲೆ ಅವಳಿಗೆ ಧ್ವನಿಯಿಲ್ಲ. ಅಭಿಪ್ರಾಯಗಳು ಮಾತ್ರ ಮೊದಲು ಎಷ್ಟಿದ್ದವೋ ಅಷ್ಟೇ ಇವೆ. ಅವನ್ನು ಸ್ಟೀಲ್ ತಟ್ಟೆಯ ಮೇಲೆ ಚಮಚದಿಂದ ಬಾರಿಸಿ ತಿಳಿಸುತ್ತಾಳೆ. ಒಂದು ಏಟು ಎಂದರೆ ಹೌದು, ಎರಡು ಎಂದರೆ ಇಲ್ಲ, ತಟ್ಟೆಯೇ ನೆಲಕ್ಕೆ ಬಿದ್ದರೆ ಚರ್ಚೆ ಮುಗಿಯಿತು.

ಈ ತಿಂಗಳು ನಮ್ಮ ಅಕ್ಕ ರಾಗಿಣಿಯ ಮದುವೆ. ನಮ್ಮಲ್ಲಿ ಮದುಮಗಳಿಗೆ ಅರಿಷಿಣ ಹಚ್ಚುವಾಗ ಹೆಂಗಸರು ಸೋಬಾನೆ ಪದ ಹಾಡಲೇಬೇಕು. ಒಬ್ಬರು ಮುಂದಿನಿಂದ ಒಂದೊಂದು ಸಾಲು ಹೇಳಿಕೊಡುವುದು, ಉಳಿದವರು ಅದೇ ಸಾಲನ್ನು ಹಿಂದಿನಿಂದ ಎತ್ತಿಕೊಳ್ಳುವುದು. ಮುಂದಿನಿಂದ ಹಾಡುವ ಅಧಿಕಾರ ಅಜ್ಜಿಯದು, ಆ ಪದಗಳು ಬರುತ್ತಿದ್ದದ್ದೂ ಅವಳೊಬ್ಬಳಿಗೇ. "ಪದ ಇಲ್ಲದ ಅರಿಷಿಣ ಪಲ್ಯಾಕ್ಕ ಹಾಕೂದು, ಹುಡುಗಿಗಲ್ಲ" ಎಂದು ಧ್ವನಿ ಇದ್ದಾಗ ಹೇಳುತ್ತಿದ್ದಳು, ಈಗ ಮದುವೆಯ ಮಾತು ಬಂದಾಗ ಅವ್ವ ಹೆದರಿ ಹೆದರಿ, "ಅತ್ತೀ, ಈ ಸಲ ಪದ ಬಿಟ್ಟು ಹಂಗ ಹಚ್ಚೂಣೇನ್ರಿ?" ಎಂದು ಕೇಳಿದ್ದಕ್ಕೆ ತಟ್ಟೆ ನೆಲಕ್ಕೆ ಬಿತ್ತು. ಅಕ್ಕನೂ ಪದ ಬೇಕೇ ಬೇಕು ಎಂದಳು. ಅಜ್ಜಿಯ ಬಾಯಿಂದ ತನ್ನ ಮದುವೆಯ ಪದ ಕೇಳುತ್ತೇನೆಂದೇ ಬೆಳೆದವಳು ಅವಳು. ಈಗ ಸೀರೆಯ ಅಂಚು ನೋಡುತ್ತ ಕುಳಿತಳು.

ಆಗ ಎಲ್ಲರೂ ನನ್ನ ಕಡೆ ತಿರುಗಿದರು. ಏಕೆಂದರೆ, ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಬೇಸಿಗೆ ರಜೆಯಲ್ಲಿ, ಆಗ ಮನೆಯಲ್ಲಿದ್ದ ಹಳೆಯ ಕಂಪ್ಯೂಟರಿಗೆ ಮೈಕು ಸಿಕ್ಕಿಸಿ, ಅಜ್ಜಿಯನ್ನು ಅಡುಗೆಮನೆಯ ಬಾಗಿಲಲ್ಲಿ ಮಣೆಯ ಮೇಲೆ ಕೂರಿಸಿ, ಅವಳ ಅರಿಷಿಣದ ಪದಗಳನ್ನು ರೆಕಾರ್ಡ್ ಮಾಡಿಕೊಂಡಿದ್ದೆ. ಆ ಕಂಪ್ಯೂಟರು ಸುಟ್ಟುಹೋದಾಗ ಅದರ ಹಾರ್ಡ್ ಡಿಸ್ಕನ್ನಷ್ಟೇ ಬಿಚ್ಚಿಸಿ ಅಪ್ಪ ಟ್ರಂಕಿನಲ್ಲಿ ಇಟ್ಟಿದ್ದರು. ಅಜ್ಜಿಯ ಧ್ವನಿ ಈಗ ಈ ಲೋಕದಲ್ಲಿ ಎಲ್ಲಾದರೂ ಇದ್ದರೆ ಅರ್ಧ ಇಟ್ಟಿಗೆಯಷ್ಟಿರುವ ಆ ಒಂದು ಪೆಟ್ಟಿಗೆಯೊಳಗೆ ಮಾತ್ರ ಇತ್ತು.

ಅದನ್ನು ಹೊರಗೆ ತರುವುದು ನನ್ನ ಪಾಲಿಗೆ ಬಂತು. ನಾನು ಕಂಪ್ಯೂಟರ್ ಶಾಖೆ ಸೇರಿದ ದಿನದಿಂದ ಮಿಕ್ಸಿಯಿಂದ ಹಿಡಿದು ಮೇಲಿನ ಮನೆಯವರ ಡಿಶ್ ಆಂಟೆನಾದವರೆಗೆ ವಾಯರು ಇರುವ ಸಕಲವೂ ನನ್ನ ಸುಪರ್ದಿಗೆ ಬಂದಿವೆ. ವಾಸ್ತವದಲ್ಲಿ ಮೊದಲ ವರ್ಷದಲ್ಲಿ ಕಾಲೇಜಿನವರು ನಮ್ಮಿಂದ ಮಾಡಿಸಿದ್ದು ಕಬ್ಬಿಣದ ತುಂಡೊಂದನ್ನು ಅರದಿಂದ ತಿಕ್ಕಿ ಚೌಕ ಮಾಡುವ ಕೆಲಸ. ನನ್ನ ತುಂಡು ಇನ್ನೂ ಚೌಕವಾಗಿಲ್ಲ, ಆ ಬಗ್ಗೆ ವರ್ಕ್‌ಶಾಪ್ ಸರ್ ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಇದನ್ನೆಲ್ಲ ಮನೆಯಲ್ಲಿ ಹೇಳುವುದು ಹೇಗೆ? "ಟೆನ್ಶನ್ ಬ್ಯಾಡ, ಸಾಫ್ಟ್‌ವೇರ್ ಐತಿ" ಎಂದುಬಿಟ್ಟೆ. ಆ ಸಾಫ್ಟ್‌ವೇರ್ ತಾವು.

ತಮ್ಮನ್ನು ನಾನು ಸೀತಾಬರ್ಡಿಯ ಅಂಗಡಿಯೊಂದರಲ್ಲಿ, ತಮ್ಮ ಡಬ್ಬಿಯ ಮೇಲಿನ ಮಾತಿಗೆ ಮರುಳಾಗಿ ತಂದೆ. 'ಯಾವ ಡಿಸ್ಕೇ ಇರಲಿ, ಎಷ್ಟೇ ಹಳೆಯದಿರಲಿ, ಹುಡುಕುತ್ತೇವೆ, ಕಾಯುತ್ತೇವೆ' ಎಂದು ಅಲ್ಲಿ ಬರೆದಿತ್ತು, ಪಕ್ಕದಲ್ಲಿ ಟೈ ಕಟ್ಟಿದ ಒಬ್ಬ ಮನುಷ್ಯ ಕೈಕಟ್ಟಿಕೊಂಡು ನಗುತ್ತಿದ್ದ. ಅವನ ಡಿಸ್ಕ್ ಸಿಕ್ಕಿರಬೇಕು. ಹೊಸ ಕಂಪ್ಯೂಟರಿನ ಹೊಟ್ಟೆ ತೆರೆದು, ಒಳಗಿನ ಚಪ್ಪಟೆ ರಿಬ್ಬನ್ನಿನಂಥ ಕೇಬಲ್‌ನಲ್ಲಿ ಹೊಸ ಡಿಸ್ಕಿನ ಮಗ್ಗುಲಿಗೆ ಹಳೆಯ ಡಿಸ್ಕನ್ನೂ ಸಿಕ್ಕಿಸಿ, ಮನೆಮಂದಿಯೆಲ್ಲ ಸುತ್ತ ನಿಂತಿರಲು, 'ಹುಡುಕು' ಎಂಬ ತಮ್ಮ ಗುಂಡಿ ಒತ್ತಿದೆ. ತಾವು ಒಂದು ಭೂತಗನ್ನಡಿ ಹಿಡಿದು ಪರದೆಯ ತುಂಬ ಆ ಕಡೆಯಿಂದ ಈ ಕಡೆ ಓಡಾಡಿದಿರಿ. ಆಮೇಲೆ ಬಹಳ ವಿನಯದಿಂದ, 'ಯಾವುದೇ ಹಳೆಯ ಡಿಸ್ಕ್ ಇಲ್ಲ. ದಯವಿಟ್ಟು ಡಿಸ್ಕ್ ಜೋಡಿಸಿ' ಎಂದು ಅಪ್ಪಣೆ ಕೊಡಿಸಿದಿರಿ.

ಮಾನ್ಯರೇ, ಆ ಹೊತ್ತಿಗೆ ಡಿಸ್ಕು ಗುಂಯ್‌ಗುಡುತ್ತ ತಿರುಗುತ್ತಿತ್ತು. ಮುಟ್ಟಿದರೆ ಆಗತಾನೆ ಹೆಂಚಿನಿಂದ ಇಳಿಸಿದ ರೊಟ್ಟಿಯಷ್ಟು ಬಿಸಿ ಇತ್ತು. ಅಕ್ಷರ ಬಾರದ ನಮ್ಮ ಅಜ್ಜಿ ಅದರ ಮೇಲೆ ಅಂಗೈಯಿಟ್ಟು ನೋಡಿ, ತಟ್ಟೆಯ ಮೇಲೆ ಒಂದು ಏಟು ಹೊಡೆದಳು: ಹೌದು, ಇದೆ. ತಾವು ಮಾತ್ರ ಇಲ್ಲವೆಂದಿರಿ.

ತಮ್ಮ ಮಾತಿನ ಮೇಲೆ ಗೌರವವಿಟ್ಟು ನಾನು ಮಾಡದ ಸೇವೆಯಿಲ್ಲ. ತಮ್ಮನ್ನು ತೆಗೆದು ಮತ್ತೆ ಪ್ರತಿಷ್ಠಾಪಿಸಿದೆ. ಕೇಬಲ್ ಬದಲಿಸಿದೆ. ಕಂಪ್ಯೂಟರನ್ನು ಎಷ್ಟು ಸಲ ಆರಿಸಿ ಹಚ್ಚಿದೆನೆಂದರೆ ಅವ್ವ ಬಂದು, "ಅದರ ಜೀವಾ ತಿನ್ನಬ್ಯಾಡ, ನಿನ್ನ ಪರೀಕ್ಷಾ ಓದಕೋ ಹೋಗ" ಎಂದಳು. ಪರೀಕ್ಷೆಯೂ ಅದೇ ವಾರ ಇತ್ತು. ಗಣಿತದ ಪುಸ್ತಕವನ್ನು ಮಡಿಲಲ್ಲಿ ತೆರೆದಿಟ್ಟುಕೊಂಡೇ ತಮ್ಮ ಸಹಾಯವಾಣಿಗೆ ಫೋನು ಹಚ್ಚಿದೆ. ಅಲ್ಲಿ ತಾವು ಬಹಳ ಇಂಪಾದ ಪಿಯಾನೋ ಕೇಳಿಸಿದಿರಿ, ನಡುನಡುವೆ ಒಬ್ಬ ಹೆಂಗಸು ಬಂದು ನನ್ನ ತಾಳ್ಮೆಗೆ ಧನ್ಯವಾದ ಹೇಳಿ ಹೋಗುತ್ತಿದ್ದಳು. ನನ್ನ ತಾಳ್ಮೆಯನ್ನು ಅದುವರೆಗೆ ಯಾರೂ ಹೊಗಳಿರಲಿಲ್ಲ, ಹಾಸ್ಟೆಲ್ ವಾರ್ಡನ್ ಸಹ. ಕೊನೆಗೆ ಲೈನು ಕಡಿಯುವ ಮೊದಲು ಒಬ್ಬ ನಿಜವಾದ ಮನುಷ್ಯ ಸಿಕ್ಕಿ, "ಮ್ಯಾಡಮ್, ಸಾಫ್ಟ್‌ವೇರ್ ಇಲ್ಲ ಅಂತ ಹೇಳಿದರೆ ಇರೋದಿಲ್ಲ" ಎಂದು ವೇದಾಂತ ಹೇಳಿದ.

ಹತಾಶಳಾಗಿ ಡಿಸ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಮಹಾಲ್ ಪೇಟೆಯ ಗಲ್ಲಿಯಲ್ಲಿ ಕಂಪ್ಯೂಟರ್ ಜೋಡಿಸಿಕೊಡುವ ದತ್ತುವಿನ ಅಂಗಡಿಗೆ ಹೋದೆ. ದತ್ತು ಸೊಲ್ಲಾಪುರದ ಕಡೆಯವನು, ಅರ್ಧ ಕನ್ನಡ ಅರ್ಧ ಮರಾಠಿ, ಎರಡರಲ್ಲೂ ಪೂರ್ಣ ಆತ್ಮವಿಶ್ವಾಸ. ಅವನೂ ತನ್ನ ಡಿಸ್ಕಿನ ಮಗ್ಗುಲಿಗೆ ನಮ್ಮದನ್ನು ಸಿಕ್ಕಿಸಿ ನೋಡಿ, ತಾವು ಹೇಳಿದ್ದನ್ನೇ ಹೇಳಿದ. "ಸಂಪಲೀ ತಾಯಿ, ಸಂಪಲೀ, ಮುಗದಹೋತು. ಇದನ್ನ ಪೇಪರ್‌ವೇಟ್ ಮಾಡು, ಬರೋಬರ್ ಕೂಡತೈತಿ" ಎಂದ. ನನ್ನ ಮುಖ ನೋಡಿ ಕರುಣೆ ಬಂತೋ ಏನೋ, "ಒಂದ್ ಕಾಮ್ ಮಾಡು, ಪ್ಲ್ಯಾಸ್ಟಿಕ್ ಚೀಲದಾಗ ಹಾಕಿ ಫ್ರೀಜರಿನ್ಯಾಗ ಇಡು, ಥಂಡ್ ಆದ್ರ ಸತ್ತ ಡಿಸ್ಕೂ ಕಧೀಕಧೀ, ಒಮ್ಮೊಮ್ಮಿ, ಎದ್ದ ಕೂಡತಾವ" ಎಂದು ಸೇರಿಸಿದ. ಇದನ್ನು ಮನೆಯಲ್ಲಿ ಹೇಳಿದಾಗ ಅವ್ವ ಫ್ರಿಜ್ಜಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, "ಹೆಣಾ ಇಡಾಕ ನನ್ನ ಫ್ರಿಜ್ ಕೊಡೂದಿಲ್ಲ, ಮದಿವಿ ಮನಿ ಇದು" ಎಂದು ತೀರ್ಮಾನಿಸಿದಳು. ತಮ್ಮ ಒಂದು ಸಣ್ಣ ವಾಕ್ಯದಿಂದ, ಮಾನ್ಯರೇ, ಬಿಸಿಬಿಸಿಯಾಗಿ ತಿರುಗುತ್ತಿದ್ದ ಅಜ್ಜಿಯ ಪದಗಳು ನಮ್ಮ ಮನೆಯಲ್ಲಿ ಹೆಣವಾದವು. ಅಕ್ಕ ಅಂದು ಊಟ ಮಾಡಲಿಲ್ಲ. ಅಜ್ಜಿ ತಟ್ಟೆಯನ್ನು ಮಗುಚಿ ಇಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅದಕ್ಕೆ ಎಷ್ಟು ಏಟಿನ ಅರ್ಥ ಎಂದು ಯಾರಿಗೂ ಗೊತ್ತಿರಲಿಲ್ಲ.

ಮರುದಿನ ಡಿಸ್ಕನ್ನು ಟ್ರಂಕಿಗೆ ವಾಪಸ್ ಇಡುವಾಗ, ಅಪ್ಪ ಅದರ ಬೆನ್ನಿಗೆ ಅಂಟಿಸಿದ್ದ ಬಿಳಿಯ ಪಟ್ಟಿಯ ಮೂಲೆ ಎದ್ದಿದ್ದು ಕಂಡು ಸುಮ್ಮನೆ ಎಳೆದೆ. ಕೆಳಗೆ ಡಿಸ್ಕ್ ತಯಾರಿಸಿದವರ ಚೀಟಿ ಇತ್ತು, ಅದರಲ್ಲಿ ಒಂದು ಚಿತ್ರ: ಡಿಸ್ಕಿನ ಹಿಂಬದಿಯಲ್ಲಿ ಸಣ್ಣ ಸಣ್ಣ ಮೊಳೆಗಳು, ಎರಡು ಮೊಳೆಗಳ ಮೇಲೆ ಅಕ್ಕಿಕಾಳಿನಷ್ಟು ದೊಡ್ಡ ಕರಿಯ ಟೊಪ್ಪಿಗೆ. ಒಂದೇ ಕೇಬಲ್ಲಿನಲ್ಲಿ ಎರಡು ಡಿಸ್ಕ್ ಇದ್ದಾಗ ಯಾರು ಯಜಮಾನಿ, ಯಾರು ಎರಡನೆಯವಳು ಎಂದು ತಿಳಿಸುವುದು ಆ ಟೊಪ್ಪಿಗೆ. ಜಂಪರ್ ಎನ್ನುತ್ತಾರಂತೆ. ನಮ್ಮ ಡಿಸ್ಕಿನಲ್ಲಿ ಮೊಳೆಗಳಿದ್ದವು, ಟೊಪ್ಪಿಗೆ ಇರಲಿಲ್ಲ. ಅದಿಲ್ಲದೆ ಹಳೆಯ ಡಿಸ್ಕು ತಾನೇ ಯಜಮಾನಿ ಎಂದುಕೊಂಡಿತ್ತು, ಹೊಸದೂ ಹಾಗೆಯೇ. ಒಂದು ಅಡುಗೆಮನೆಯಲ್ಲಿ ಇಬ್ಬರು ಯಜಮಾನಿಯರಿದ್ದರೆ ಹೊರಗಿನವರಿಗೆ ಒಬ್ಬರ ಮಾತಷ್ಟೇ ಕೇಳಿಸುವುದು ತಮಗೂ ತಿಳಿದ ವಿಷಯ.

ಟೊಪ್ಪಿಗೆ ಎಲ್ಲಿ ಬಿದ್ದಿತು ಎಂದು ಟ್ರಂಕನ್ನೆಲ್ಲ ಕೊಡವುತ್ತಿದ್ದಾಗ ಅಪ್ಪ ಶಿಫ್ಟ್ ಮುಗಿಸಿ ಬಂದರು. ನಾನು ಚಿತ್ರ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, ಒಂದಿಷ್ಟೂ ಗಾಬರಿಯಿಲ್ಲದೆ, "ಅದನ್ನ ನಾನ ತಗದೇನಿ" ಎಂದರು. ಯಾಕೆಂದು ಕೇಳಿದ್ದಕ್ಕೆ, ಹೊಸದಾಗಿ ನೌಕರಿಗೆ ಸೇರಿದವನಿಗೆ ಹೇಳುವ ಹಾಗೆ ವಿವರಿಸಿದರು: "ತೋಪಿನ ಶೆಲ್ ಒಂದ ಕಡೆ, ಅದನ್ನ ಸಿಡಿಸೂ ಫ್ಯೂಜ್ ಒಂದ ಕಡೆ. ಎರಡೂ ಒಂದ ಕಪಾಟಿನ್ಯಾಗ ಇಟ್ಟಾವ ಪೆನ್ಶನ್ ತಗೊಳ್ಳಾಕ ಇರೂದಿಲ್ಲ. ಸಣ್ಣದೈತಿ, ಎಳದ್ರ ಕಿತ್ತ ಬರತೈತಿ ಅಂದಮ್ಯಾಗ ಅದು ಫ್ಯೂಜನ."

ಮಾನ್ಯರೇ, ಇಲ್ಲಿ ತಾವು ನಗಬಾರದಾಗಿ ವಿನಂತಿ. ಅಪ್ಪ ಜೀವಮಾನವೆಲ್ಲ ಸಿಡಿಯುವ ವಸ್ತುಗಳ ನಡುವೆ ಕೆಲಸ ಮಾಡಿ ಕೈಕಾಲು ಬೆರಳುಗಳನ್ನೆಲ್ಲ ಸಂಜೆ ಮನೆಗೆ ಪೂರ್ತಿ ತಂದವರು. ಅಮೂಲ್ಯವಾದದ್ದನ್ನು ಕಾಯುವುದು ಎಂದರೆ ಅವರಿಗೆ ಗೊತ್ತಿರುವುದು ಅದೊಂದೇ ರೀತಿ. ಅಜ್ಜಿಯ ಧ್ವನಿಯನ್ನು ಅವರು ಬಾಂಬಿನಷ್ಟು ಜೋಪಾನ ಮಾಡಿದ್ದರು. "ಮತ್ತ ಆ ಫ್ಯೂಜ್ ಎಲ್ಲಿ ಇಟ್ಟೀರಿ?" ಎಂದು ಕೇಳಿದೆ. ಅಪ್ಪ, "ರೂಲ್ ಪ್ರಕಾರ, ಬ್ಯಾರೆ ಬಿಲ್ಡಿಂಗಿನ್ಯಾಗ" ಎಂದರು.

ಬೇರೆ ಕಟ್ಟಡವೆಂದರೆ ಎದುರು ಬ್ಲಾಕಿನ ಮರಾಠಿ ನೆರೆಯವರು, ಲೀಲಾ ಕಾಕುವಿನ ಮನೆ. ನಾನು ಚಪ್ಪಲಿಯಿಲ್ಲದೆ ಓಡಿದೆ; ಮೇ ತಿಂಗಳ ನಾಗಪುರದ ಡಾಂಬರಿನ ಮೇಲೆ ಬರಿಗಾಲಲ್ಲಿ ಓಡುವವರು ಬೇಗ ತಲುಪುತ್ತಾರೆ. ಕಾಕು ದೇವರಮನೆಗೆ ಹೋಗಿ, ಗಣಪತಿಯ ಮಗ್ಗುಲಲ್ಲಿದ್ದ ಬೆಳ್ಳಿಯ ಕುಂಕುಮದ ಬಟ್ಟಲು ತಂದರು. ಒಳಗೆ, ಹತ್ತಿಯ ಹಾಸಿಗೆಯ ಮೇಲೆ, ಅರಿಷಿಣ ಮೆತ್ತಿ ಬಂಗಾರದ ಬಣ್ಣಕ್ಕೆ ತಿರುಗಿದ ಜಂಪರ್ ಪವಡಿಸಿತ್ತು. ನಮ್ಮ ಮನೆಯ ಒಡನಾಟದಿಂದ ಕಲಿತ ತಮ್ಮ ಕನ್ನಡದಲ್ಲಿ ಕಾಕು ಹೇಳಿದರು, "ಭಾವೂಜಿ ಕೊಟ್ಟರು, ಸಾಂಭಾಳಿಸಿ ಇಡ್ರಿ, ಏನ್ ಅಂತ ಕೇಳಬ್ಯಾಡ್ರಿ ಅಂದರು. ಫ್ಯಾಕ್ಟರಿಯವರು, ಕಾಯ್ ತರೀ, ಏನೋ ದೊಡ್ಡದು ಇರತೈತಿ ಅಂತ ನಾ ರೋಜ್ ಹಳದಿ-ಕುಂಕೂ ಹಾಕಿದೆ. ಈಗರ ಹೇಳ್ ಗ, ಏನು ಇದು?" ನಾನು ಜಂಪರ್ ಎಂದೆ. ಕಾಕು ಕೈಮುಗಿದರು. ಅಷ್ಟು ದಿನ ಪೂಜೆ ಮಾಡಿದ್ದಕ್ಕೆ ಹೆಸರಾದರೂ ತಿಳಿಯಿತಲ್ಲ ಎಂಬ ಸಂತೋಷ.

ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಅರಿಷಿಣ ಉಜ್ಜಿ ತೆಗೆದು, ಚಿತ್ರದಲ್ಲಿದ್ದ ಹಾಗೆ ಟೊಪ್ಪಿಗೆ ತೊಡಿಸಿ, ಕಂಪ್ಯೂಟರ್ ಹಚ್ಚಿದೆ. ಡಿಸ್ಕ್ ತಕ್ಷಣ ಕಾಣಿಸಿತು. ಕಂಪ್ಯೂಟರು ಅದನ್ನು ಗುರುತಿಸಿತು, ವಿಂಡೋಸ್ ಗುರುತಿಸಿತು, ಕಿಟಕಿಯಲ್ಲಿ ನಿಂತಿದ್ದ ಲೀಲಾ ಕಾಕು ಸಹ "ತೋ ಬಘಾ, ಬಂತು" ಎಂದರು. ಈಗ ತಮಗೊಂದು ಅವಕಾಶ ಕೊಡದಿದ್ದರೆ ಅನ್ಯಾಯವಾದೀತೆಂದು ತಮ್ಮ 'ಹುಡುಕು' ಗುಂಡಿಯನ್ನು ಮತ್ತೆ ಒತ್ತಿದೆ. ತಾವು ಭೂತಗನ್ನಡಿ ತೆಗೆದುಕೊಂಡು ಅದೇ ಉತ್ಸಾಹದಿಂದ ಓಡಾಡಿ, ಅದೇ ವಿನಯದಿಂದ, 'ಯಾವುದೇ ಹಳೆಯ ಡಿಸ್ಕ್ ಇಲ್ಲ' ಎಂದಿರಿ. ಒಮ್ಮೆ ಕೊಟ್ಟ ಮಾತಿಗೆ ಇಷ್ಟು ಗಟ್ಟಿಯಾಗಿ ನಿಲ್ಲುವವರು ಈ ಕಾಲದಲ್ಲಿ ಅಪರೂಪ. ಅಜ್ಜಿಯ ಪದಗಳನ್ನು ನಾನು ತಮ್ಮ ಸಹಾಯವಿಲ್ಲದೆ, ಮೌಸಿನಿಂದ ಹಿಡಿದು ಎಳೆದು, ಹೊಸ ಡಿಸ್ಕಿನ ಮೇಲೆ ಹಾಕಿಕೊಂಡೆ.

ಕಷ್ಟ ಮುಗಿಯಿತೆಂದು ತಾವು ಭಾವಿಸಬಹುದು. ನಾನೂ ಭಾವಿಸಿದೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದವಳು ಅದನ್ನು ಕಿತ್ತು ಕೆಳಗಿಟ್ಟೆ. ಅಜ್ಜಿಯ ಕಟ್ಟಳೆಯೊಂದನ್ನು ನಾನು ಮರೆತಿದ್ದೆ: ಸೋಬಾನೆ ಪದ ಒಮ್ಮೆ ಎತ್ತಿದಮೇಲೆ ಮುಗಿಯುವವರೆಗೆ ನಡುವೆ ನಿಲ್ಲಿಸಬಾರದು, ಬರಿಯ ಮಾತು ಬೆರೆಸಬಾರದು, ಅಪಶಕುನ. ಆದರೆ ರೆಕಾರ್ಡ್ ಮಾಡಿದ್ದು ಅಡುಗೆಮನೆಯ ಬಾಗಿಲಲ್ಲಿ, ಒಲೆ ಹೊತ್ತಿತ್ತು. ಹೇಳಬೇಕಾದದ್ದನ್ನು ಹೇಳದೆ ಬಿಡುವ ಹೆಂಗಸಲ್ಲ ನಮ್ಮ ಅಜ್ಜಿ. ಹಾಗಾಗಿ ಪದವನ್ನೂ ಮುರಿಯದೆ ಮನೆಯನ್ನೂ ಬಿಡದೆ, ಹೇಳಬೇಕಾದದ್ದನ್ನೆಲ್ಲ ಅದೇ ರಾಗದಲ್ಲಿ, ಕೊನೆಗೆ ಸೋಬಾನವೆ ಸೇರಿಸಿ, ಹಾಡಿಬಿಟ್ಟಿದ್ದಳು. 'ಮಣಿಯ ಮ್ಯಾಲ ಕುಂತಾಳ ನಮ್ಮ ಮನಿಯ ಬೆಳಕವ್ವ, ಸೋಬಾನವೆ' ಆದಮೇಲೆ, ಒಂದು ಮಾತ್ರೆಯೂ ತಪ್ಪದೆ, 'ಹಾಲ ಉಕ್ಕೈತಿ ಧನೀ ಓಡಿ ಹೋಗ, ಸೋಬಾನವೆ' ಬರುತ್ತಿತ್ತು; ಧನಿ ಎಂದರೆ ನಾನು.

ತೆಗೆಯೋಣವೆಂದರೆ ತೆಗೆಯುವುದು ನನಗೆ ಗೊತ್ತಿರಲಿಲ್ಲ, ಪ್ರಯತ್ನಿಸಿ ಇದ್ದದ್ದೂ ಅಳಿಸಿದರೆ ಎಂಬ ಭಯ, ಅರಿಷಿಣ ಮಾರನೆಯ ಬೆಳಿಗ್ಗೆ. ಅವ್ವನಿಗೆ ಮಾತ್ರ ಹೇಳಿದೆ. ಅವ್ವ ಹೋಳಿಗೆಯ ಕಣಕ ನಾದುತ್ತಿದ್ದಳು, ತಲೆಯೆತ್ತದೆ, "ಇರ್ಲಿ ಬಿಡು, ಯಾರಿಗೆ ತಿಳಿತೈತಿ? ಎಲ್ಲಾರೂ ಮರಾಠಿ ಮಂದಿ" ಎಂದಳು. ಊರಿಂದ ಬರಬೇಕಾದ ಚಿಕ್ಕಮ್ಮಂದಿರ ಟ್ರೇನು ತಡವಾಗಿ, ಹಿಂದಿನಿಂದ ಹಾಡಲು ಉಳಿದವರು ಲೀಲಾ ಕಾಕು ಮತ್ತು ಅವರ ಭಜನೆಯ ಮೇಳದ ಹೆಂಗಸರೇ. ಅವರಿಗೆ ಅವ್ವ ಒಂದೇ ಸೂಚನೆ ಕೊಟ್ಟಿದ್ದಳು: "ಅತ್ತಿ ಏನ್ ಹಾಡ್ತಾರ, ಅದನ್ನ ಹಂಗಂದ್ರ ಹಂಗ ತಿರುಗಿ ಹಾಡ್ರಿ."

ಅಕ್ಕನನ್ನು ಮಣೆಯ ಮೇಲೆ ಕೂರಿಸಿದರು. ಅಜ್ಜಿ ಎದುರಿಗೆ. ನಾನು ಪ್ಲೇ ಒತ್ತಿದೆ. ಕೂಲರಿನ ಗೊರಗೊರದ ಹಿಂದಿನಿಂದ ಅಜ್ಜಿಯ ಧ್ವನಿ, ದಪ್ಪಗೆ, ಸ್ವಲ್ಪ ಸಿಟ್ಟಿನಿಂದ ಇದ್ದಂತೆ, ಹೊರಗೆ ಬಂತು. ಅಜ್ಜಿಯ ಕೈ ತನ್ನ ಗಂಟಲಿಗೆ ಹೋಯಿತು. ಅಕ್ಕ ಕಣ್ಣು ಮುಚ್ಚಿದಳು. ಲೀಲಾ ಕಾಕುವಿನ ಮೇಳ ಮೊದಲ ಸಾಲನ್ನು ಎತ್ತಿಕೊಂಡು ಎಷ್ಟು ಚೆಂದ ಹಾಡಿತೆಂದರೆ, ಎರಡನೆಯದು ಬರುವವರೆಗೆ ನಾನು ನನ್ನ ಭಯವನ್ನೇ ಮರೆತಿದ್ದೆ. ಎರಡನೆಯದು ಹಾಲಿನದು. ಕನ್ನಡದ ಅರ್ಥ ತಿಳಿಯದ ಹೆಂಗಸರೆಲ್ಲ ಭಕ್ತಿಯಿಂದ ಕೈತಟ್ಟುತ್ತ, 'ಹಾಲ ಉಕ್ಕೈತಿ ಧನೀ ಓಡಿ ಹೋಗ, ಸೋಬಾನವೆ' ಎಂದು ಹಾಡಿದರು. ನಾನು ಅಭ್ಯಾಸಬಲದಿಂದ ಅಡುಗೆಮನೆಗೆ ಓಡಿಬಿಟ್ಟೆ. ಆಮೇಲೆ, 'ಮೈಕಿನ ವಾಯರ ಕಾಲಾಗ ತೊಡರೈತಿ, ಸೋಬಾನವೆ.' ಆಮೇಲೆ, 'ಕೂಲರಿಗೆ ನೀರ ಹಾಕಿಲ್ಲ ನಿಮ್ಮಪ್ಪ, ಸೋಬಾನವೆ.'

ವರನ ತಾಯಿ ರಾಜಮ್ಮನವರು ಬ್ಯಾಂಕ್ ನೌಕರರೊಬ್ಬರ ಹೆಂಡತಿ, ಮೈಸೂರು ಕಡೆಯವರು; ಅವರನ್ನು ಅವ್ವ ಲೆಕ್ಕಕ್ಕೆ ಹಿಡಿಯಲು ಮರೆತಿದ್ದಳು. ಆ ಸಭೆಯಲ್ಲಿ ಕನ್ನಡ ಪೂರ್ತಿ ಅರ್ಥವಾಗುವ ಹೊರಗಿನವರು ಅವರೊಬ್ಬರೇ. ಅವ್ವ ಅವರ ಮುಖ ನೋಡಲು ಧೈರ್ಯ ಸಾಲದೆ ನೆಲ ನೋಡುತ್ತಿದ್ದಳು. ರಾಜಮ್ಮನವರು ಬಗ್ಗಿ ಅವಳ ಕಿವಿಯಲ್ಲಿ ಗಂಭೀರವಾಗಿ ಹೇಳಿದರು, "ನಮ್ಮ ಕಡೆ ಸೋಬಾನೇಲಿ ಬರೀ ಶಿವ, ಗೌರಿ ಬರ್ತಾರೆ ಕಣ್ರೀ. ನಿಮ್ಮದರಲ್ಲಿ ಮೈಕು, ಕೂಲರು ಎಲ್ಲಾ ಬರುತ್ತೆ. ತುಂಬ ಮುಂದುವರಿದಿದೀರಿ." ಅಷ್ಟರಲ್ಲಿ ಮೇಳದವರು ಪದ್ಧತಿಯಂತೆ ಸಾಲನ್ನು ಇನ್ನೊಮ್ಮೆ ಎತ್ತಿ, 'ಕೂಲರಿಗೆ ನೀರ ಹಾಕಿಲ್ಲ ನಿಮ್ಮಪ್ಪ' ಎಂದರು. ಹೊಸ ಜರಿಯ ಧೋತರ ಉಟ್ಟು ಕಾಲೊನಿಯವರ ನಡುವೆ ಕುಳಿತಿದ್ದ ಅಪ್ಪ, ಯಾರ ಕಡೆಗೂ ನೋಡದೆ ಎದ್ದು, ಬಕೆಟ್ ತೆಗೆದುಕೊಂಡು ಹೋಗಿ, ಕೂಲರಿಗೆ ನೀರು ತುಂಬಿದರು. ಧ್ವನಿಯಿಲ್ಲದ ಅಜ್ಜಿ ನಗುವುದನ್ನು ತಾವು ನೋಡಬೇಕಿತ್ತು. ಭುಜ ಕುಲುಕಿ, ಕಣ್ಣಲ್ಲಿ ನೀರು ಬಂದು, ಮುಂದಕ್ಕೆ ಬಾಗಿ, ಅರಿಷಿಣದ ಕೈಯಲ್ಲೇ ಅಕ್ಕನ ಮೊಣಕಾಲು ಹಿಡಿದುಕೊಂಡಳು. ಅಕ್ಕ ಅತ್ತಳು, ನಕ್ಕಳು, ಎರಡನ್ನೂ ಒಟ್ಟಿಗೆ ಮಾಡಿದ್ದರಿಂದ ಗಲ್ಲದ ಅರಿಷಿಣವೆಲ್ಲ ಗೆರೆಗೆರೆಯಾಯಿತು.

ಆದ್ದರಿಂದ, ಮಾನ್ಯರೇ, ತಮ್ಮ ಮೇಲೆ ನಮಗೆ ಸಿಟ್ಟಿಲ್ಲ. ಕೆಲವು ಸಣ್ಣ ಬೇಡಿಕೆಗಳಿವೆ, ದಯಮಾಡಿ ಮಂಜೂರು ಮಾಡಬೇಕಾಗಿ ಪ್ರಾರ್ಥನೆ. ತಾವು ಒಮ್ಮೆ ಖುದ್ದಾಗಿ ಪರದೆಯಿಂದ ಇಳಿದು ನಮ್ಮ ಕ್ವಾರ್ಟರ್ಸಿಗೆ ಬಂದು, ಭೂತಗನ್ನಡಿಯನ್ನು ಹೊರಗೆ ಬಿಟ್ಟು, ಆ ಹಳೆಯ ಡಿಸ್ಕಿನ ಮೇಲೆ ಅಂಗೈಯಿಟ್ಟು ನೋಡಬೇಕು. ತಮಗೆ ಅಂಗೈ ಇರುವುದು ಪರದೆಯ ಮೂಲೆಯಲ್ಲೇ ಕಾಣುತ್ತಿದೆ. ಬರುವಾಗ ದತ್ತುವನ್ನು ಕರೆತಂದರೂ ಅಡ್ಡಿಯಿಲ್ಲ, ಹೋಳಿಗೆ ಇನ್ನೂ ಉಳಿದಿವೆ. ತಮ್ಮ ಪಿಯಾನೋದವರಿಗೆ ಒಂದೆರಡು ಸೋಬಾನೆ ಕಲಿಸಲು ಲೀಲಾ ಕಾಕು ಒಪ್ಪಿದ್ದಾರೆ. ಇನ್ನೊಂದು ಬೇಡಿಕೆ ಇವುಗಳಿಗಿಂತ ಸಣ್ಣದು, ತಮಗೆ ಇವುಗಳಿಗಿಂತ ಕಷ್ಟವಾಗಬಹುದು. ಮುಂದಿನ ಆವೃತ್ತಿಯಲ್ಲಿ 'ಡಿಸ್ಕ್ ಇಲ್ಲ' ಎನ್ನುವ ಬದಲು 'ನನಗೆ ಕಾಣಿಸುತ್ತಿಲ್ಲ' ಎಂದು ಬರೆಯಿರಿ. ತಮಗೆ ಅದು ನಾಲ್ಕಾರು ಅಕ್ಷರಗಳ ವ್ಯತ್ಯಾಸ. ಒಬ್ಬ ಮುದುಕಿ ಗೋಡೆಯ ಕಡೆ ತಿರುಗಿ ಮಲಗುವುದು ಅಷ್ಟರಲ್ಲಿ ತಪ್ಪುತ್ತದೆ.

ಪ್ರತಿ ಕಾಪಾಡುವ ವಿಷಯದಲ್ಲಿ ತಮಗೆ ಆತಂಕ ಬೇಡ. ಮೊನ್ನೆ ಲೀಲಾ ಕಾಕುವಿನ ಸೋದರ ಸೊಸೆಯ ಅರಿಷಿಣ, ಅವರ ಮಾತಿನಲ್ಲಿ ಹಳದಿ, ಇಲ್ಲೇ ಹತ್ತಿರದ ಕಾಮಠಿ ಊರಿನಲ್ಲಿ ನಡೆಯಿತು. ಕಾಕು ಮುಂದಿನಿಂದ ಹೇಳಿಕೊಟ್ಟರಂತೆ, ಅಲ್ಲಿಯ ಹೆಂಗಸರು ಹಿಂದಿನಿಂದ ಎತ್ತಿಕೊಂಡರಂತೆ. ಒಂದು ಪದವೂ ತಪ್ಪಿಲ್ಲ, ಒಂದು ಸಾಲೂ ಬಿಟ್ಟಿಲ್ಲ. ಕನ್ನಡ ಕೇಳಿಯೇ ಅರಿಯದ ಒಂದು ವಾಡೆಯ ಅಂಗಳದಲ್ಲಿ, ಮದುಮಗಳ ಅಪ್ಪ ಕೂಲರಿಗೆ ನೀರು ಹಾಕಿಲ್ಲವೆಂದು ಹಾಡುತ್ತ ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಂಡರು ಎಂದು ಕಾಕು ಬಂದು ಹೇಳಿದಾಗ, ಅಜ್ಜಿ ತಟ್ಟೆಯ ಮೇಲೆ ಒಂದೇ ಒಂದು ಏಟು ಹೊಡೆದಳು.

ತಮ್ಮ ಹಸಿರು ಅಂಗೈಯ ಕೃಪೆ ಇಲ್ಲದೆಯೂ ಕ್ಷೇಮವಾಗಿರುವ,
ತಮ್ಮ ವಿಶ್ವಾಸಿ,
ಧನುಶ್ರೀ

ತಾ.ಕ.: ಈ ಪತ್ರ ಮುಗಿಸುವಷ್ಟರಲ್ಲಿ ತಾವು ಪರದೆಯ ಮೂಲೆಯಿಂದ ಇಣುಕಿ, ಕೊನೆಗೂ ಆ ಹಳೆಯ ಡಿಸ್ಕನ್ನು ಕಂಡುಹಿಡಿದಿರುವುದಾಗಿ ಅಭಿಮಾನದಿಂದ ತಿಳಿಸಿದಿರಿ. ಅಭಿನಂದನೆಗಳು. ಅದರ ಕೆಳಗೇ, 'ಇದರಲ್ಲಿ ಉಪಯುಕ್ತವಾದದ್ದೇನೂ ಇಲ್ಲ, ಪೂರ್ತಿ ಅಳಿಸಿ ಹೊಸದು ಮಾಡಲೇ?' ಎಂದೂ ಕೇಳಿದ್ದೀರಿ. ಅಜ್ಜಿಗೆ ಓದಿ ಹೇಳಿದೆ. ತಟ್ಟೆ ನೆಲದ ಮೇಲಿದೆ.